ಖೋಕನ್ ಭಾಯ್, ಅಪ್ಪಂಗೆ ಹೇಳ್ಬೇಡಿ

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ಲೂನಾ ಆಪಾರನ್ನೇ (ಇಲ್ಲಿ ಅಕ್ಕನಿಗೆ ಆಪಾ ಅನ್ನುತ್ತಾರೆ) ಕೇಳಿದೆ. "ಟಿಕೆಟ್ಟಿನಿಂದ ಮಾಡಿ" ಅಂದರು. ಮಾಡಿ ನೋಡಿದೆ. ಟಿಕೆಟ್ಟಿನಿಂದ ಶುರು ಮಾಡಿದರೆ ಕ್ಯಾಸೆಟ್ಟಿನ ಸಂಗತಿ ನಿಮಗೆ ತಿಳಿದಿರುವುದಿಲ್ಲ. ಕ್ಯಾಸೆಟ್ಟಿನಿಂದ ಶುರು ಮಾಡಿದರೆ ಬಾದಲ್ ಎಂಬ ಸೌಂಡ್‌ಮ್ಯಾನಿನ ಕೈಗಡಿಯಾರದ ಸಂಗತಿ ತಿಳಿದಿರುವುದಿಲ್ಲ. ಕೈಗಡಿಯಾರದಿಂದಲೇ ಹಚ್ಚಿಕೊಂಡರೆ, ಇದೇನು ರಾಕ್ ಬ್ಯಾಂಡಿನ ಕಥೆಯೋ ಗಡಿಯಾರ ರಿಪೇರಿಯ ಕೈಪಿಡಿಯೋ ಎಂದು ನೀವು ಪುಟ ಮಗುಚುತ್ತೀರಿ.

(ಮಗುಚಿ, ಬೇಜಾರಿಲ್ಲ. ಎರಡು ಗಿಟಾರುಗಳಲ್ಲಿ ಬೇಸ್ ಯಾವುದು ಎಂದು ಇವತ್ತಿಗೂ ಗುರುತಿಸಲಾರದ ಮನುಷ್ಯ ಈ ಕಥೆ ಬರೆಯುತ್ತಿದ್ದಾನೆ. ಇಪ್ಪತ್ತೆರಡು ವರ್ಷದಿಂದ ಬಾಂಗ್ಲಾದೇಶದ ಚಿತ್ತಗಾಂಗಿನಲ್ಲಿ ಇದ್ದೇನೆ ಎಂಬುದೊಂದೇ ನನ್ನ ಯೋಗ್ಯತೆ.)

ಇನ್ನೊಂದು ತಕರಾರೂ ಇತ್ತು. ಲೂನಾಗೆ ಐವತ್ತು ವರ್ಷ. ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳದ ಟೀಚರು. ನಾನು "ಅವಳು" ಎಂದು ಬರೆದಿದ್ದೇನೆ ಎಂದು ಗೊತ್ತಾದಾಗ ಹುಬ್ಬು ಗಂಟಿಕ್ಕಿದರು.

"ಅವಳಂತೆ! ನನ್ನ ಸ್ಟೂಡೆಂಟ್ಸ್ ಓದಿದ್ರೆ ಏನಂದ್ಕೋತಾರೆ?"

"ಇದು ಕನ್ನಡ, ಆಪಾ. ಅವರ್ಯಾರೂ ಓದಲ್ಲ."

"ಮತ್ತೆ ಯಾರು ಓದ್ತಾರೆ?"

ಈ ಪ್ರಶ್ನೆ ನನ್ನನ್ನು ಕೇಳಬಾರದಿತ್ತು. ಕಥೆಯ ಒಳಗೆ "ಅವಳು", ಕಥೆಯ ಹೊರಗೆ "ಅವರು" ಎಂಬ ಒಪ್ಪಂದಕ್ಕೆ ಬಂದು ಚಹಾ ಕುಡಿದೆವು.

2 (ಹೊಡೆದು ಹಾಕಿದ್ದು)

"ಕರ್ಣಫುಲಿ ನದಿಯ ಮೇಲಿಂದ ಬೀಸುವ ಚಳಿಗಾಳಿಯಲ್ಲಿ ಗಿಟಾರಿನ ಒಂಟಿ ತಂತಿಯೊಂದು ಅಳುತ್ತಿತ್ತು."

ಇಷ್ಟು ಬರೆದು, ಎದ್ದು ಹೋಗಿ ಮುಖ ತೊಳೆದು ಬಂದು ಓದಿದೆ. ನಾಚಿಕೆಯಾಯಿತು. ಆವತ್ತು ಗಾಳಿಯೂ ಇರಲಿಲ್ಲ, ತಂತಿಯೂ ಅಳುತ್ತಿರಲಿಲ್ಲ.

2 (ನೇರವಾಗಿ)

1994ರ ಜನವರಿ. ಕಾಲೇಜಿನ ಮೈದಾನ, ಮಧ್ಯಾಹ್ನದ ಕಾರ್ಯಕ್ರಮ. ಬ್ಯಾಂಡಿನ ಹೆಸರು "ಜೆಟ್ಟಿ ನಾಲ್ಕು". ಬಂದರಿನ ನಾಲ್ಕನೇ ಜೆಟ್ಟಿಯ ಹಿಂದಿನ ಗೋದಾಮಿನಲ್ಲಿ ಅಭ್ಯಾಸ ಮಾಡುತ್ತಿದ್ದರು, ಆ ಹೆಸರೇ ಉಳಿಯಿತು. ಹಾಡುವವನು ರೊಮೆಲ್. ಲೈವ್ ಕ್ಯಾಸೆಟ್ ಮಾಡಬೇಕೆಂದು ಆ ದಿನ ರೆಕಾರ್ಡಿಂಗ್ ಮಷಿನ್ನನ್ನೂ ತಂದಿದ್ದರು. ಜನರ ಚಪ್ಪಾಳೆ ಹಿಡಿಯಲು ಎರಡು ಮೈಕುಗಳನ್ನು ಲೇಡೀಸ್ ಕಡೆಯ ಹಗ್ಗಕ್ಕೆ ಕಟ್ಟಿದ್ದರು.

ಆ ಹಗ್ಗದ ಒಳಗೆ ಇಪ್ಪತ್ತು ವರ್ಷದ ಲೂನಾ ಮತ್ತು ಅವಳ ಗೆಳತಿ ಕೋಹಿನೂರ್ ನಿಂತಿದ್ದರು. ಇಬ್ಬರೂ ಪಾಹಾಡ್‌ತಲಿಯ ರೈಲ್ವೆ ಕಾಲೊನಿಯವರು, ಒಂದೇ ಕಟ್ಟಡದ ಕೆಳಮನೆ, ಮೇಲ್ಮನೆ. ಇಬ್ಬರೂ ಮನೆಯಲ್ಲಿ ಪ್ರಾಕ್ಟಿಕಲ್ ಕ್ಲಾಸಿದೆ ಎಂದು ಹೇಳಿ ಬಂದಿದ್ದರು. "ಮೂರು ನಂಬರ್ ಸಿಗ್ನಲ್" ಎಂಬ ನಿಧಾನದ ಹಾಡು ನಡೆಯುತ್ತಿತ್ತು. ಚಂಡಮಾರುತದ ಎಚ್ಚರಿಕೆಯ ಸಿಗ್ನಲ್ ಏರಿದ ಮೇಲೂ ದೋಣಿಯಲ್ಲಿ ಹೋದವನ ಹಾಡು ಅದು. ಆಗ ಲೂನಾ ತಲೆ ತಿರುಗಿಸಿದಳು. ಹಗ್ಗದ ಆಚೆ ನಾಲ್ಕು ಮಾರು ದೂರದಲ್ಲಿ ಕಾಲೊನಿಯ ಖೋಕನ್ ಟೈಲರ್ ನಿಂತಿದ್ದ. ಅವಳನ್ನು ನೋಡಿದ. ನಾಳೆ ಬೆಳಿಗ್ಗೆ ಅಪ್ಪನ ಪ್ಯಾಂಟು ಕೊಡಲು ಮನೆಗೆ ಬರುವವನು ಇವನೇ.

ಆಜಾನ್ ಆಗುವಾಗ ಮೈಕು ಆರಿಸಬೇಕೆಂದು ಈ ಊರಿನ ಯಾವ ಸೌಂಡ್‌ಮ್ಯಾನಿಗೂ ಹೇಳಿಕೊಡಬೇಕಾಗಿಲ್ಲ. ಬಾದಲ್‌ಗೂ ಗೊತ್ತಿತ್ತು. ಆದರೆ ಅವನು ರೈಲು ತಪ್ಪಿಸಿಕೊಳ್ಳುತ್ತಾನೆಂದು ಅವನ ಹೆಂಡತಿ ಕೈಗಡಿಯಾರವನ್ನು ಐದು ನಿಮಿಷ ಮುಂದೆ ಇಟ್ಟಿದ್ದಳು. ಬಾದಲ್ ಗಡಿಯಾರ ನೋಡಿದ, ಸ್ಪೀಕರು ಆರಿಸಿದ. ಸ್ಪೀಕರು ಆರಿತೆಂದರೆ ಆಜಾನ್ ಎಂದೇ ಅರ್ಥ. ಡ್ರಮ್ಮಿನವನು ಕೋಲು ಕೆಳಗಿಟ್ಟ. ನಾಲ್ಕು ಸಾವಿರ ಜನ ಗಪ್ಪಾದರು. ಹೆಂಗಸರ ಕೈಗಳು ತಾವಾಗಿಯೇ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡವು. ಲೂನಾಳ ಕೈಯೂ ಎಳೆದುಕೊಂಡಿತು. ಆದರೆ ಅಷ್ಟು ಹೊತ್ತಿಗಾಗಲೇ ಅವಳು ಡ್ರಮ್ಮಿನ ಸದ್ದಿಗೆ ಸರಿಯಾಗಿ ಗಂಟಲು ಹರಿಯುವಂತೆ ಕೂಗಲು ಬಾಯಿ ತೆರೆದಾಗಿತ್ತು.

"ಖೋಕನ್ ಭಾಯ್, ಅಪ್ಪಂಗೆ ಹೇಳ್ಬೇಡಿ!"

ಆಜಾನ್ ಬರಲಿಲ್ಲ. ಹನ್ನೊಂದು ಸೆಕೆಂಡು. ಆಮೇಲೆ ನಾಲ್ಕು ಸಾವಿರ ಜನ ಬಿದ್ದು ಬಿದ್ದು ನಕ್ಕರು, ಬಾದಲ್ ನಾಲಿಗೆ ಕಚ್ಚಿಕೊಂಡು ಸ್ಪೀಕರು ಹಚ್ಚಿದ, ರೊಮೆಲ್ ಕೊನೆಯ ಚರಣ ಹಾಡಿದ. ಮಷಿನ್ನು ಮಾತ್ರ ಅಷ್ಟೂ ಹೊತ್ತು ಸುತ್ತುತ್ತಲೇ ಇತ್ತು.

3

ಅದನ್ನು ಕತ್ತರಿಸಿ ಹಾಕಬಹುದಿತ್ತು. ರೊಮೆಲ್ ಬೇಡವೆಂದನಂತೆ. "ಅವತ್ತು ಬಂದವರಲ್ಲಿ ಅರ್ಧ ಜನ ಮನೇಲಿ ಸುಳ್ಳು ಹೇಳೇ ಬಂದಿದ್ದು. ಇರ್ಲಿ ಬಿಡಿ, ಎಲ್ಲರ ಪರವಾಗಿ ಒಬ್ಬಳು ಕೂಗಿದ್ದಾಳೆ." ಈದ್ ಹಬ್ಬಕ್ಕೆ ಕ್ಯಾಸೆಟ್ಟು ಅಂಗಡಿಗೆ ಬಂತು. ಮುಂದಿನ ಚಳಿಗಾಲದ ಕಾರ್ಯಕ್ರಮದಲ್ಲಿ ರೊಮೆಲ್ ಅದೇ ಜಾಗದಲ್ಲಿ ಬೇಕೆಂತಲೇ ಕೈಯೆತ್ತಿ ಹಾಡು ನಿಲ್ಲಿಸಿದ. ಇಡೀ ಮೈದಾನ ಒಂದೇ ದನಿಯಲ್ಲಿ ಖೋಕನ್ ಭಾಯ್‌ಗೆ ಮೊರೆಯಿಟ್ಟಿತು. ಅಲ್ಲಿಂದ ಇಲ್ಲಿಯವರೆಗೆ ಮೂವತ್ತು ವರ್ಷ, ಒಂದು ಕಾರ್ಯಕ್ರಮವೂ ತಪ್ಪಿಲ್ಲ. ಈಗ ಕೂಗುವವರಲ್ಲಿ ಎಷ್ಟೋ ಮಂದಿ ಸ್ವತಃ ಅಪ್ಪಂದಿರು.

ಖೋಕನ್ ಟೈಲರ್ ಅಂಗಡಿಯ ಬೋರ್ಡಿನಲ್ಲಿ ತನ್ನ ಹೆಸರಿನ ಕೆಳಗೆ "ನಾನು ಯಾರಿಗೂ ಹೇಳಲಿಲ್ಲ" ಎಂದು ಬರೆಸಿದ್ದಾನೆ. ಅದು ನಿಜ. ಅವನು ಹೇಳಲಿಲ್ಲ. ಹೇಳಿದ್ದು ಕ್ಯಾಸೆಟ್ಟು.

ಈದ್‌ನ ಮೂರನೇ ದಿನ ಕಾಲೊನಿಯ ಚಹಾದಂಗಡಿಯಲ್ಲಿ ಆ ಹಾಡು ಹಾಕಿದ್ದರು. ಲೂನಾಳ ಅಪ್ಪ ರೈಲ್ವೆ ಗಾರ್ಡು, ಮೀಸೆಯ ಮನುಷ್ಯ. ಕಪ್ಪು ಕೆಳಗಿಟ್ಟು ಕ್ಯಾಸೆಟ್ಟನ್ನು ಕೇಳಿ ಪಡೆದು ಮನೆಗೆ ತಂದ. ಹುಡುಗಿಯರಿಬ್ಬರೂ ಎಲ್ಲಿಗೂ ಜೊತೆಯಾಗಿಯೇ ಹೋಗುವವರೆಂದು ಮೇಲ್ಮನೆಯಿಂದ ಕೋಹಿನೂರಳ ಅಪ್ಪನನ್ನೂ ಕರೆಸಿದ. ಅವನು ಹೆಡ್ ಕ್ಲರ್ಕು, ನಗುನಗುತ್ತ ಇರುವವನು. ಇಬ್ಬರೂ ಬೆತ್ತದ ಕುರ್ಚಿಗಳಲ್ಲಿ ಕುಳಿತು, ಟೇಪ್‌ರೆಕಾರ್ಡರ್ ನಡುವೆ ಇಟ್ಟುಕೊಂಡು, ರಿವೈಂಡ್ ಮಾಡಿ ಮಾಡಿ ಏಳು ಸಲ ಕೇಳಿದರು. ಖರಖರ ಸದ್ದಿನಲ್ಲಿ ದನಿ ಯಾರದೆಂದು ಹೇಳುವಂತಿರಲಿಲ್ಲ. ಖೋಕನ್ ಯಾರೆಂಬುದರಲ್ಲಿ ಮಾತ್ರ ಅನುಮಾನವಿರಲಿಲ್ಲ.

"ನನ್ನ ಮನೇದಾದ್ರೆ, ಈ ವಾರದಲ್ಲೇ ಸಂದ್ವೀಪಕ್ಕೆ ಕಳಿಸ್ತೀನಿ, ಅಣ್ಣನ ಮನೆಗೆ" ಅಂದ ಗಾರ್ಡು. "ಓದು ಸಾಕು. ಮದುವೆ ಅಲ್ಲೇ."

ಹುಡುಗಿಯರಿಬ್ಬರೂ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದರು. ಕೋಹಿನೂರ್ ಲೂನಾಳ ಕಿವಿಯ ಹತ್ತಿರ ಬಾಯಿಟ್ಟಳು.

"ನಿಮ್ಮಪ್ಪ ಬಿಡೋರಲ್ಲ ಕಣೇ. ನಮ್ಮಪ್ಪ ಎರಡು ಬೈದು ಸುಮ್ನಾಗ್ತಾರೆ. ನೀನು ಬಾಯಿ ಬಿಡ್ಬೇಡ."

ಅವಳೇ ಹೊರಗೆ ಹೋಗಿ ನಿಂತಳು. "ದನಿ ನಂದೇ, ಚಾಚಾ."

ಅವಳ ಲೆಕ್ಕ ತಪ್ಪಿತು. ನಗುನಗುತ್ತ ಇದ್ದ ಹೆಡ್ ಕ್ಲರ್ಕಿಗೆ ಇನ್ನೊಬ್ಬನ ಎದುರು ತಲೆ ತಗ್ಗಿಸಬೇಕಾಯಿತಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ. ಅಲ್ಲೇ ಕೆನ್ನೆಗೆ ಬಾರಿಸಿದ. ನಲವತ್ತು ದಿನದಲ್ಲಿ ಕೋಹಿನೂರಳನ್ನು ಕಾಕ್ಸ್‌ಬಜಾರಿನ ಒಣಮೀನಿನ ವ್ಯಾಪಾರಿಯೊಬ್ಬನಿಗೆ ಮದುವೆ ಮಾಡಿ ಕಳಿಸಿದರು. ಅವಳ ಪ್ರಾಕ್ಟಿಕಲ್ ಕ್ಲಾಸು ಅಲ್ಲಿಗೆ ಮುಗಿಯಿತು. ಲೂನಾ ಬಿ.ಎ. ಮಾಡಿದಳು, ಎಂ.ಎ. ಮಾಡಿದಳು, ಕೆಲಸಕ್ಕೆ ಸೇರಿದಳು. ಬಾಯಿ ಮಾತ್ರ ಬಿಡಲಿಲ್ಲ.

5

(ನಾಲ್ಕನೆಯದನ್ನು ಲೂನಾ ಆಪಾ ಹರಿದುಹಾಕಿದರು. ತುಂಡುಗಳು ನನ್ನ ಡ್ರಾಯರಿನಲ್ಲಿವೆ. ನೋಡೋಣ.)

ಜೆಟ್ಟಿ ನಾಲ್ಕರ ನಲವತ್ತೊಂದು ಕಾರ್ಯಕ್ರಮಗಳಿಗೆ ಲೂನಾ ಹೋಗಿದ್ದಾಳೆ. ಮೊದಮೊದಲು ಸುಳ್ಳು ಹೇಳಿ, ಮದುವೆಯಾದ ಮೇಲೆ ಗಂಡನನ್ನು ಎಳೆದುಕೊಂಡು, ಗಂಡನಿಗೆ ಮಂಡಿನೋವು ಬಂದ ಮೇಲೆ ಒಬ್ಬಳೇ. ಮೊದಲ ಸಲ ಒಬ್ಬಳೇ, ಆಮೇಲೆ ನಲವತ್ತು ಸಲವೂ ಆ ಹನ್ನೊಂದು ಸೆಕೆಂಡಿನಲ್ಲಿ ಎಲ್ಲರ ಜೊತೆ ಕೂಗಿದ್ದಾಳೆ. ಈ ಜನವರಿಯಲ್ಲಿ ಬ್ಯಾಂಡಿನ ಕೊನೆಯ ಕಾರ್ಯಕ್ರಮ, ಪೋಲೋ ಗ್ರೌಂಡಿನಲ್ಲಿ. ರೊಮೆಲ್‌ಗೆ ಅರವತ್ತಾಯಿತು, ಡಾಕ್ಟರು ಗಂಟಲಿಗೆ ರಜೆ ಕೊಡಿ ಎಂದಿದ್ದಾರಂತೆ. ಟಿಕೆಟ್ಟು ತೆಗೆದುಕೊಂಡ ಮೂರನೇ ದಿನಕ್ಕೆ ಲೂನಾಳ ಫೋನಿಗೆ ಒಂದು ವಿಡಿಯೋ ಬಂತು.

"ಖೋಕನ್ ಭಾಯ್ ಕ್ಲಬ್" ಎಂದು ಅಭಿಮಾನಿ ಹುಡುಗರ ಒಂದು ಗುಂಪಿದೆ. ಮೂವತ್ತು ವರ್ಷದ ಹಿಂದೆ ಕೂಗಿದ ಹುಡುಗಿಯನ್ನು ಹುಡುಕಿ ಕೊನೆಯ ಕಾರ್ಯಕ್ರಮದಲ್ಲಿ ಸ್ಟೇಜಿಗೆ ಹತ್ತಿಸಬೇಕೆಂದು ಅವರು ಹೊರಟಿದ್ದರು. ರೈಲ್ವೆ ಕಾಲೊನಿಯ ಹಳಬರು ದಾರಿ ತೋರಿಸಿದರು. ವಿಡಿಯೋದಲ್ಲಿ ಒಣಮೀನಿನ ಅಂಗಳ, ಬಿದಿರು ಗಳುಗಳ ಮೇಲೆ ಸಾಲು ಸಾಲು ಮೀನು. ಚಿಕ್ಕಮ್ಮನನ್ನು ಕರೆದಂತೆ ಖಾಲಾ ಎನ್ನುತ್ತ ಹುಡುಗನೊಬ್ಬ ಮೈಕು ಚಾಚುತ್ತಾನೆ.

"ಖಾಲಾ, ಆ ಕ್ಯಾಸೆಟ್ಟಲ್ಲಿ ಕೂಗಿದ್ದು ನೀವೇನಾ?"

ದಪ್ಪಗಾಗಿರುವ, ಮುಂದಿನ ಒಂದು ಹಲ್ಲಿಲ್ಲದ ಕೋಹಿನೂರ್ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ನಗುತ್ತಾಳೆ. "ನಾನೇ ಅಂತ ಆವತ್ತೇ ಹೇಳಿದ್ನಲ್ಲಪ್ಪಾ."

ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂಬುದನ್ನು ಗಮನಿಸಿ. ಲೂನಾಳೂ ಗಮನಿಸಿದಳು. ಮತ್ತೆ ಮತ್ತೆ ಹಾಕಿ ನೋಡಿದಳು. ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು.

"ಹೊಟ್ಟೆಕಿಚ್ಚು ಅಂತ ಬರೀತಿದ್ದೀರಾ?" ಲೂನಾ ಆಪಾ ಮೇಜಿನ ಆಚೆಯಿಂದ ಕತ್ತು ಚಾಚಿದರು.

"ಇನ್ನೂ ಬರೆದಿಲ್ಲ."

"ಬರೀಬೇಡಿ. ಕಿಚ್ಚಲ್ಲ ಅದು. ಹತ್ತು ಸಾವಿರ ಜನ ನನ್ನ ಮಾತು ಕೂಗ್ತಾರೆ. ಅವರ ನಡುವೆ ನಿಂತು ನಾನೂ ಕೂಗ್ತೀನಿ. ಪಕ್ಕದಲ್ಲಿ ನಿಂತವರಿಗೂ ಗೊತ್ತಿಲ್ಲ, ನನ್ನ ಗಂಡನಿಗೂ ಗೊತ್ತಿಲ್ಲ. ಶಾಲೆ, ಮನೆ, ಅತ್ತೆ, ಸಾರು, ಪರೀಕ್ಷೆ ಪೇಪರು. ಇದರಲ್ಲೆಲ್ಲ ನಂದು ಅಂತ ಇದ್ದದ್ದು ಅದೊಂದೇ ಕೂಗು. ಅದನ್ನ ಅವಳು ತಗೊಂಡು ಸ್ಟೇಜ್ ಹತ್ತೋದಾ?"

"ಏನು ಮಾಡ್ಬೇಕು ಅಂತಿದ್ರಿ?"

"ಹೇಳಿಬಿಡ್ಬೇಕು ಅಂತಿದ್ದೆ. ಕಾರ್ಯಕ್ರಮ ಮುಗಿದ ಕೂಡ್ಲೇ ರೊಮೆಲ್ ಭಾಯ್ ಹತ್ರ ಹೋಗಿ, ಎಲ್ಲರ ಎದುರಿಗೆ. ಆ ದನಿ ನಂದು, ಇವಳದ್ದಲ್ಲ ಅಂತ."

ನಾನು ಪೆನ್ನು ಕೆಳಗಿಟ್ಟೆ. ಅವರು ಬೇಲಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. ಅದು ಗಟ್ಟಿ ಬಿಸ್ಕತ್ತು, ನೆನೆಯಲು ಹೊತ್ತು ಬೇಕು. ನನ್ನ ಮುಖ ನೋಡಲಿಲ್ಲ.

6

ಪೋಲೋ ಗ್ರೌಂಡು, ಮಧ್ಯಾಹ್ನ ಮೂರು ಗಂಟೆ. ಲೇಡೀಸ್ ಕಡೆ ಈಗ ಹಗ್ಗದ ಬದಲು ಕಬ್ಬಿಣದ ಕಟಕಟೆ. ಲೂನಾ ಸ್ಟೇಜಿಗೆ ಹತ್ತಿರದ ಮೂಲೆ ಹಿಡಿದಳು. ಝಾಲ್‌ಮುರಿ ಎಂಬ ಖಾರದ ಮಂಡಕ್ಕಿ ಮಾರುವವನು "ಒಂಚೂರು ಜಾಸ್ತಿ ಖಾರ ಹಾಕ್ಲಾ, ಖಾಲಾ?" ಅಂದ. ಆ ವಿಡಿಯೋ ನೋಡಿದಂದಿನಿಂದ ಅವಳಿಗೆ ಯಾರು ಖಾಲಾ ಅಂದರೂ ಸಿಟ್ಟು ಬರುತ್ತಿತ್ತು. ಪಕ್ಕದಲ್ಲಿ ಕಪ್ಪು ಟೀ ಶರ್ಟಿನ ಒಬ್ಬ ಕಾಲೇಜು ಹುಡುಗಿ. ಅವಳ ಎದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಲೂನಾಳ ಮಾತು ಅಚ್ಚಾಗಿತ್ತು.

"ಆಂಟಿ, ಮೊದಲ್ನೇ ಸಲಾನಾ?"

"ಹ್ಞೂಂ" ಅಂದಳು ಲೂನಾ, ಯಾಕೆಂದು ಅವಳಿಗೇ ಗೊತ್ತಿಲ್ಲ.

"ಹಾಗಾದ್ರೆ ನಾನು ಹೇಳ್ಕೊಡ್ತೀನಿ. ಸಿಗ್ನಲ್ ಹಾಡಲ್ಲಿ ನಡುವೆ ರೊಮೆಲ್ ಗುರು ಕೈ ಎತ್ತುತ್ತಾರೆ. ಎಲ್ಲ ನಿಂತೋಗುತ್ತೆ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸ್ಬೇಕು, ಆಮೇಲೆ ಕೂಗ್ಬೇಕು. ಮೊದ್ಲೇ ಕೂಗಿದ್ರೆ ಎಲ್ಲರೂ ತಿರುಗಿ ನೋಡ್ತಾರೆ. ಮಾನ ಹೋಗುತ್ತೆ."

"ನಾಲ್ಕು ಯಾಕೆ?"

"ಕ್ಯಾಸೆಟ್ಟಲ್ಲಿ ಆ ಹುಡುಗಿ ನಾಲ್ಕನೇ ಸೆಕೆಂಡಿಗೆ ಕೂಗಿದ್ದು. ಇವತ್ತು ಮಾತ್ರ ನಾವ್ಯಾರೂ ಕೂಗ್ಬಾರ್ದಂತೆ. ಕೋಹಿನೂರ್ ಖಾಲಾ ಒಬ್ಬರೇ ಕೂಗೋದು. ನಂಗೆ ಈಗ್ಲೇ ಮೈ ಜುಮ್ ಅಂತಿದೆ!"

ಮೂರೂವರೆ ಸೆಕೆಂಡಿಗೆ ಕೂಗಿದ್ದು ಎಂದು ಹೇಳಲು ಲೂನಾಳ ನಾಲಿಗೆ ತುರಿಸಿತು. ಮಂಡಕ್ಕಿಯ ಪೊಟ್ಟಣದಲ್ಲಿ ಮೂಗು ಹುದುಗಿಸಿದಳು.

(ನನಗೆ ಇಲ್ಲಿ ಬ್ಯಾಂಡಿನ ವರ್ಣನೆ ಮಾಡಬೇಕೆಂದಿತ್ತು. ಲೂನಾ ಆಪಾ ತಡೆದರು. "ನಿಮಗೆ ಬೇಸ್ ಯಾವ್ದು ಅಂತಾನೇ ಗೊತ್ತಿಲ್ಲ, ಸುಮ್ನಿರಿ." ಒಂದೇ ಮಾತು ಹೇಳುತ್ತೇನೆ. ಮೊದಲ ಹಾಡಿಗೆ ರೊಮೆಲ್ ದನಿ ಒಡೆಯಿತು. ಮೇಲಿನ ಸ್ವರ ಮುಟ್ಟಲಾಗದೆ ಮೈಕನ್ನು ಜನರ ಕಡೆ ತಿರುಗಿಸಿದ. ಜನ ಆ ಸ್ವರ ಹಾಡಿಕೊಟ್ಟರು. ಲೂನಾ ಅತ್ತಳು.)

4 (ಅಂಟಿಸಿದ್ದು)

ಇದನ್ನು ಇಲ್ಲಿ ಹಾಕದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ತುಂಡುಗಳನ್ನು ಗಮ್ಮು ಹಚ್ಚಿ ಜೋಡಿಸಿದ್ದೇನೆ. ಲೂನಾ ಆಪಾ ನನ್ನ ಜೊತೆ ಎರಡು ದಿನ ಮಾತು ಬಿಟ್ಟರೂ ಪರವಾಗಿಲ್ಲ.

"ಆಪಾ, ನಲವತ್ತೊಂದು ಕಾರ್ಯಕ್ರಮ ಅಂದ್ರಲ್ಲ. ಎಲ್ಲೆಲ್ಲಿ?"

"ಇಲ್ಲೇ ಜಾಸ್ತಿ. ಢಾಕಾದಲ್ಲಿ ಆರು. ಕೊಮಿಲ್ಲಾ, ಸಿಲೆಟ್..."

"ಕಾಕ್ಸ್‌ಬಜಾರ್?"

ಅವರು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

"ಬೀಚಲ್ಲಿ ಪ್ರತಿ ಎರಡು ವರ್ಷಕ್ಕೊಮ್ಮೆ ಹಾಡ್ತಿದ್ರಲ್ಲ, ಅದಕ್ಕೇ ಕೇಳ್ದೆ."

"ನಾಲ್ಕು ಸಲ ಹೋಗಿದ್ದೆ."

"ಕೋಹಿನೂರ್ ಮನೆ ಬೀಚಿಂದ ಎಷ್ಟು ದೂರ?"

"ಬ್ಯಾಟರಿ ಆಟೋದಲ್ಲಿ ಇಪ್ಪತ್ತು ನಿಮಿಷ."

"ಹೋಗಿದ್ರಾ?"

"ಒಂದ್ಸಲ ಆಟೋ ಹತ್ತಿದ್ದೆ" ಅಂದರು. "ಒಣಮೀನಿನ ವಾಸನೆ ಬರೋಕೆ ಶುರುವಾಯ್ತು. ಡ್ರೈವರಿಗೆ, ಮಾಮಾ, ವಾಪಸ್ ತಿರುಗ್ಸಿ ಅಂದೆ. ಏನಂತ ಹೋಗ್ಲಿ? ನಾನು ಎಂ.ಎ. ಮಾಡ್ದೆ ಕೋಹಿನೂರ್, ಹೇಗಿದ್ದೀಯಾ ಅಂತ ಕೇಳ್ಲಾ? ಅವಳು ಕೆನ್ನೆ ಮೇಲೆ ಏಟು ತಿಂದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಥ್ಯಾಂಕ್ಸ್ ಅಂತ ಒಂದು ಮಾತು ಹೇಳಿಲ್ಲ ನಾನು. ಒಂದು ಕಾಗದ ಬರೆದಿಲ್ಲ. ಮೊದಲ ವರ್ಷ ನಾಚಿಕೆ ಆಗಿ ಬರೀಲಿಲ್ಲ. ಆಮೇಲೆ, ಮೊದಲ ವರ್ಷ ಬರೀಲಿಲ್ಲವಲ್ಲ ಅನ್ನೋ ನಾಚಿಕೆಗೆ ಬರೀಲಿಲ್ಲ."

ಆಮೇಲೆ ಕಾಗದ ಕಸಿದುಕೊಂಡು ಹರಿದರು.

7

ಮೂರು ನಂಬರ್ ಸಿಗ್ನಲ್ ಶುರುವಾಗುವ ಮೊದಲು ರೊಮೆಲ್ ಮೈಕಿನ ಹತ್ತಿರ ಬಂದ. "ಮೂವತ್ತು ವರ್ಷದಿಂದ ನೀವೆಲ್ಲ ಅವರ ಮಾತು ಕೂಗಿದ್ರಿ. ಇವತ್ತು ನಿಮ್ಮ ಬಾಯಿಗೆಲ್ಲ ಬೀಗ. ಅವರೊಬ್ಬರೇ." ಕೋಹಿನೂರಳನ್ನು ಇಬ್ಬರು ಹುಡುಗರು ಕೈ ಹಿಡಿದು ಹತ್ತಿಸಿದರು. ಹೊಸ ಜಾಮದಾನಿ ಸೀರೆ, ಚಳಿಗೆ ಮೇಲೊಂದು ಕಂದು ಸ್ವೆಟರು. ಅವಳ ಕೈಗೊಂದು ಮೈಕು ಕೊಟ್ಟರು. ಅವಳದನ್ನು ಸೌಟಿನ ಹಾಗೆ ಹಿಡಿದುಕೊಂಡಳು. ಹತ್ತು ಸಾವಿರ ಜನ ಅವಳ ಹೆಸರು ಹಿಡಿದು ಕೂಗಿದರು. ಅವಳು ಹಲ್ಲು ಕಾಣದಂತೆ ಸೆರಗು ಅಡ್ಡ ಹಿಡಿದು ನಕ್ಕಳು.

ಲೂನಾ ಕಟಕಟೆಯ ಸರಳು ಹಿಡಿದಳು.

ಇಲ್ಲಿ ನಾನು ಮೂರು ದಿನ ಕಥೆ ನಿಲ್ಲಿಸಿದ್ದೆ. ಈ ಜಾಗದಿಂದ ಮುಂದಕ್ಕೆ ದಾರಿಗಳು ಬಹಳ ಇವೆ.

ಮುಕ್ತಾಯ ಅ: ಲೂನಾ ಕಟಕಟೆ ಹಾರಿ ಸ್ಟೇಜಿಗೆ ಹತ್ತುತ್ತಾಳೆ. ಗೆಳತಿಯರು ಅಪ್ಪಿಕೊಳ್ಳುತ್ತಾರೆ. ರೊಮೆಲ್ ಕಣ್ಣೊರೆಸಿಕೊಳ್ಳುತ್ತಾನೆ.

("ಕಟಕಟೆ ಹಾರೋದಾ? ನಂಗೆ ಸ್ಕೂಲಿನ ಮೆಟ್ಟಿಲು ಹತ್ತೋಕೇ ಏದುಸಿರು ಬರುತ್ತೆ. ಅದೂ ಅಲ್ದೆ ಇದನ್ನ ನೀವು ಸಿನಿಮಾದಿಂದ ಎತ್ತಿದ್ದು.")

ಮುಕ್ತಾಯ ಆ: ಕೋಹಿನೂರ್ ಸರಿಯಾದ ಕ್ಷಣಕ್ಕೆ ಕೂಗುತ್ತಾಳೆ, ಮೈದಾನ ಹುಚ್ಚೆದ್ದು ಕುಣಿಯುತ್ತದೆ, ಲೂನಾ ಯಾರಿಗೂ ಹೇಳದೆ ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತಾಳೆ.

("ಇದನ್ನೇ ತಾನೇ ನೀವು ಮೊದಲಿಂದ ಬರೀಬೇಕು ಅಂದ್ಕೊಂಡಿದ್ದು? ಹೆಂಗಸು ತ್ಯಾಗ ಮಾಡಿ ಒಗ್ಗರಣೆ ಹಾಕಿದ್ರೆ ನಿಮಗೆಲ್ಲ ಸಮಾಧಾನ.")

ಮುಕ್ತಾಯ ಇ: ಲೂನಾ ಮೊದಲೇ ಅಂದುಕೊಂಡಂತೆ ರೊಮೆಲ್ ಹತ್ತಿರ ಹೋಗಿ ಹೇಳಿಬಿಡುತ್ತಾಳೆ. ಕೋಹಿನೂರಳ ಮುಖ ಸಪ್ಪಗಾಗುತ್ತದೆ.

(ಲೂನಾ ಆಪಾ ಎದ್ದು ಹೋಗಿ ಇನ್ನೊಂದು ಸಲ ಚಹಾಕ್ಕೆ ನೀರಿಟ್ಟರು.)

8

ನಡೆದದ್ದು ಇಷ್ಟು.

ಹಾಡು ಆ ಜಾಗಕ್ಕೆ ಬಂತು. ರೊಮೆಲ್ ಕೈಯೆತ್ತಿದ. ಡ್ರಮ್ಮು, ಗಿಟಾರು, ಎಲ್ಲ ನಿಂತವು. ಅವನು ಎಂದಿನ ರೂಢಿಯಂತೆ ತಲೆ ತಗ್ಗಿಸಿ ಕಣ್ಣು ಮುಚ್ಚಿದ. ಹತ್ತು ಸಾವಿರ ಜನ ಉಸಿರು ಬಿಗಿಹಿಡಿದರು. ಕಪ್ಪು ಟೀ ಶರ್ಟಿನ ಹುಡುಗಿ ಬೆರಳು ಮಡಚಿ ಎಣಿಸಿದಳು. ಒಂದು. ಎರಡು. ಮೂರು. ನಾಲ್ಕು.

ಕೋಹಿನೂರ್ ಕೂಗಲಿಲ್ಲ.

ದೊಡ್ಡ ಪರದೆಯ ಮೇಲೆ ಅವಳ ಮುಖ ಕಾಣುತ್ತಿತ್ತು. ಆ ಮುಖ ನೋಡಿದೊಡನೆ ಲೂನಾಗೆ ಅರ್ಥವಾಯಿತು. ಇವಳಿಗೆ ಗೊತ್ತಿಲ್ಲ. ಆ ಕ್ಯಾಸೆಟ್ಟನ್ನು ಇವಳು ಕೇಳಿದ್ದೇ ಆ ಏಳು ಸಲ, ಅದೂ ಬಾಗಿಲ ಹಿಂದೆ ನಿಂತು, ಆ ಒಂದು ತುಂಡನ್ನಷ್ಟೇ. ಮೂವತ್ತು ವರ್ಷದಲ್ಲಿ ಒಂದು ಕಾರ್ಯಕ್ರಮಕ್ಕೆ ಇವಳನ್ನು ಯಾರೂ ಕರೆದುಕೊಂಡು ಹೋಗಿಲ್ಲ. ಈ ಮೌನ ಹಾಡಿನ ಒಳಗಿನದು ಎಂದು ಇವಳಿಗೆ ಯಾರೂ ಹೇಳಿಕೊಟ್ಟಿಲ್ಲ, ಎಲ್ಲರಿಗಿಂತ ಚೆನ್ನಾಗಿ ಇವಳಿಗೇ ಗೊತ್ತಿರುತ್ತದೆ ಎಂದುಕೊಂಡಿದ್ದಾರೆ.

ಐದು. ಆರು. ಕೋಹಿನೂರ್ ಆಚೀಚೆ ನೋಡಿದಳು. ಹಾಡು ಮುಗಿಯಿತು ಎಂದುಕೊಂಡಿರಬೇಕು. ಒಳ್ಳೆಯ ಮನೆತನದ ಹೆಂಗಸು ಹಾಡು ಮುಗಿದಾಗ ಮಾಡಬೇಕಾದ್ದನ್ನು ಮಾಡಿದಳು. ಮೈಕು ಹಿಡಿದ ಕೈಗೆ ಇನ್ನೊಂದು ಕೈ ಬಡಿದು ಚಪ್ಪಾಳೆ ತಟ್ಟಿದಳು. ಟಪ್, ಟಪ್, ಟಪ್ ಎಂದು ಆ ಸದ್ದು ಮೈದಾನವಿಡೀ ಕೇಳಿಸಿತು.

"ಅಯ್ಯೋ, ಏನ್ಮಾಡ್ತಿದ್ದಾರೆ ಇವರು?" ಹುಡುಗಿ ಪಿಸುಗುಟ್ಟಿದಳು. ಹಿಂದೆ ಕಟಕಟೆಯ ಆಚೆಯಿಂದ ಯಾರೋ ಗಂಡಸು ಅಂದ: "ಡೂಪ್ಲಿಕೇಟು ಕಣೋ. ಇವಳಲ್ಲ."

ಏಳು. ಎಂಟು. ಇನ್ನು ಮೂರು ಸೆಕೆಂಡು ಲೂನಾ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಅವಳು ಯಾರ ಹತ್ತಿರವೂ ಹೋಗಬೇಕಿರಲಿಲ್ಲ, ಯಾರಿಗೂ ಏನೂ ಹೇಳಬೇಕಿರಲಿಲ್ಲ. ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಒಂಬತ್ತಕ್ಕೆ ಲೂನಾ ಕೂಗಿದಳು.

"ಖೋಕನ್ ಭಾಯ್, ಅಪ್ಪಂಗೆ ಹೇಳ್ಬೇಡಿ!"

ಇಪ್ಪತ್ತು ವರ್ಷದ ದನಿಯಲ್ಲ. ಇಪ್ಪತ್ತೈದು ವರ್ಷ ಮಕ್ಕಳಿಗೆ ನದಿಗಳ ಹೆಸರು ಹೇಳಿಕೊಟ್ಟು ಒರಟಾದ ದನಿ. ಆದರೂ ಅಷ್ಟು ಮೌನದಲ್ಲಿ ಎಲ್ಲರಿಗೂ ಕೇಳಿಸಿತು. ಹುಡುಗಿ ಬೆಚ್ಚಿ ಲೂನಾಳ ಮುಖ ನೋಡಿದಳು. ಸುತ್ತಲಿನ ಹೆಂಗಸರೆಲ್ಲ ತಿರುಗಿದರು. ಕೂಗಬಾರದು ಎಂದು ಹೇಳಿದ ಮೇಲೂ ಕೂಗಿದ ಈ ಮುದುಕಿ ಯಾರು?

ಯಾಕೆ ಕೂಗಿದಳು? ನಾನು ಎರಡು ಬಗೆಯಾಗಿ ಬರೆದೆ. ಒಂದರಲ್ಲಿ ಕೋಹಿನೂರಳನ್ನು ಕಾಪಾಡಲು ಕೂಗುತ್ತಾಳೆ, ಸಾಲ ತೀರಿಸಿದ ಹಾಗೆ. ಇನ್ನೊಂದರಲ್ಲಿ ತನ್ನ ದನಿಯನ್ನು ಕಿತ್ತುಕೊಳ್ಳಲು ಕೂಗುತ್ತಾಳೆ, ಇಷ್ಟು ಒಳ್ಳೆ ಗಳಿಗೆ ಮತ್ತೆ ಸಿಗುವುದಿಲ್ಲ ಎಂದು. ಎರಡನ್ನೂ ಅಕ್ಕಪಕ್ಕ ಇಟ್ಟು ಲೂನಾ ಆಪಾಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ನನ್ನ ಬಾಯಿಂದ ಎರಡನ್ನೂ ಬಂಗಾಳಿಯಲ್ಲಿ ಹೇಳಿಸಿಕೊಂಡು ಕೇಳಿದರು.

"ಯಾವ್ದು ಸರಿ, ಆಪಾ?"

"ಎರಡು ಸೆಕೆಂಡಲ್ಲಿ ಇಷ್ಟೆಲ್ಲ ಯೋಚನೆ ಮಾಡೋಕಾಗುತ್ತಾ ಯಾರಿಗಾದ್ರೂ?"

9

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಕೋಹಿನೂರ್ ಮುಗಿಸಗೊಡಲಿಲ್ಲ. ಅವಳ ಬಗ್ಗೆ ನಾನು ಒಂದು ಅಕ್ಷರ ಒಳಗಿನಿಂದ ಬರೆದಿಲ್ಲ, ಅವಳು ಏನೆಂದುಕೊಂಡು ಸ್ಟೇಜ್ ಹತ್ತಿದಳೆಂದು ನನಗೆ ಗೊತ್ತಿಲ್ಲ. ನನ್ನ ಕಥೆಯಲ್ಲಿ ಅವಳಿಗೆ ಇದ್ದ ಕೆಲಸ ಕೂಗುವುದು ಅಥವಾ ಕೂಗದಿರುವುದು, ಅಷ್ಟೇ.

ಆ ದನಿ ಕೇಳಿದ್ದೇ ತಡ ಕೋಹಿನೂರಳ ಚಪ್ಪಾಳೆ ನಿಂತಿತು. ಪಡುವಣ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಹಣೆಗೆ ಕೈ ಅಡ್ಡ ಹಿಡಿದು ಲೇಡೀಸ್ ಕಡೆಗೆ ಬಗ್ಗಿ ನೋಡಿದಳು. ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು, ಅದನ್ನವಳು ಮರೆತಿದ್ದಳು.

"ಲೂನಾ? ಬಂದಿದ್ದೀಯೇನೇ?"

ಹತ್ತು ಸಾವಿರ ಜನಕ್ಕೆ ಕೇಳಿಸಿತು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಮೇಲ್ಮನೆಯಿಂದ ಕೆಳಮನೆಗೆ ಕರೆದಂತೆ ಇತ್ತು. ಲೂನಾ ಸರಳುಗಳ ನಡುವೆ ಮುಖ ತೂರಿಸಿ, ಇದ್ದ ಉಸಿರೆಲ್ಲ ಕೂಡಿಸಿ ಉತ್ತರ ಕೊಟ್ಟಳು. ಅಷ್ಟರಲ್ಲಿ ಹನ್ನೊಂದು ಸೆಕೆಂಡು ಮುಗಿದಿತ್ತು. ಮೂವತ್ತು ವರ್ಷದ ರೂಢಿ, ಡ್ರಮ್ಮಿನವನಿಗೆ ಬೇರೆ ಏನೂ ಗೊತ್ತಿಲ್ಲ. ಕೋಲು ಎತ್ತಿ ಹೊಡೆದ. ಲೂನಾಳ ಮಾತು ಪಕ್ಕದ ಹುಡುಗಿಗೂ ಕೇಳಿಸಲಿಲ್ಲ.

"ಏನಂದ್ರಿ ಆಪಾ, ಆಗ?"

ಮೊದಲ ಸಲ ಕೇಳಿದಾಗ "ತಪ್ಪಾಯ್ತು ಅಂದೆ" ಅಂದರು. ವಾರ ಬಿಟ್ಟು ಕೇಳಿದಾಗ "ಇಲ್ಲಿದ್ದೀನಿ ಕಣೇ ಅಂದೆ" ಅಂದರು. ನಿನ್ನೆ ಕೇಳಿದೆ. "ನಲವತ್ತೆರಡನೇ ಸಲ ಬಂದಿದ್ದೀನಿ ಅಂದೆ" ಎಂದು ನಕ್ಕರು, ನಕ್ಕವರು ಕನ್ನಡಕ ತೆಗೆದು ಒರೆಸಲು ಕೂತರು. ಮೂರನ್ನೂ ಬರೆದೆ, ಮೂರನ್ನೂ ಹೊಡೆದು ಹಾಕಿದೆ. ಹೊಡೆದ ಗೆರೆಗಳ ಕೆಳಗೆ ಇನ್ನೂ ಓದಲು ಬರುತ್ತದೆ.

ಆಮೇಲೆ ಗೇಟಿನ ಹತ್ತಿರ ಕಾದರೋ, ಸ್ಟೇಜಿನ ಹಿಂದೆ ಹೋದರೋ, ಇಬ್ಬರೂ ಕೂತು ಚಹಾ ಕುಡಿದರೋ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಅವರು ಭೂಗೋಳದ ಪೇಪರುಗಳ ಕಟ್ಟು ಬಿಚ್ಚಿ ಕೆಂಪು ಪೆನ್ನು ಹುಡುಕತೊಡಗಿದರು. ನಾನಾಗಿಯೇ ಏನಾದರೂ ಬರೆದುಬಿಡಬಹುದು, ಇದು ನನ್ನದೇ ಕಥೆ ತಾನೆ. ಕೈ ಬರುತ್ತಿಲ್ಲ.

ಅದಕ್ಕೆ ಹೀಗೇ ಬಿಟ್ಟಿದ್ದೇನೆ. ಕೋಹಿನೂರ್ ಸ್ಟೇಜಿನ ತುದಿಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು, ಅಷ್ಟು ಹೆಂಗಸರ ಮುಖಗಳಲ್ಲಿ ಒಂದನ್ನು ಹುಡುಕುತ್ತಿದ್ದಾಳೆ. ಹಾಡಿಗೆ ಇನ್ನೂ ಒಂದು ಚರಣ ಬಾಕಿ ಇದೆ.